ಸಿಇಟಿ ಮುಗಿದ ಮೇಲೆ, ಮೊದಲ ಸೆಮಿಸ್ಟರ್‌ಗೆ ಮುಂಚೆ: ಕರಾವಳಿಯ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಎಂಟು ವಾರದ ತಯಾರಿ

ಪಿಯುಸಿ ಪರೀಕ್ಷೆ ಆಯ್ತು, ಸಿಇಟಿ, ಜೆಇಇಯಂಥ ಪ್ರವೇಶ ಪರೀಕ್ಷೆಗಳೂ ಆಯ್ತು. ಸುರತ್ಕಲ್ಲಿನ ಎನ್‌ಐಟಿಕೆ ಸಿಗುತ್ತದೋ, ಮಣಿಪಾಲದ ಎಂಐಟಿಯೋ, ಇಲ್ಲ ನಿಟ್ಟೆ, ವಾಮಂಜೂರು, ಅಡ್ಯಾರ್, ಬಂಟಕಲ್ಲು, ಮೂಡ್ಲಕಟ್ಟೆಯ ಕಾಲೇಜೋ ಎಂದು ಮನೆಯಲ್ಲಿ ಎಲ್ಲರೂ ಲೆಕ್ಕ ಹಾಕುತ್ತಿರುತ್ತಾರೆ. ತರಗತಿ ಶುರುವಾಗಲು ಇನ್ನೂ ತಿಂಗಳುಗಳಿವೆ. "ಫಸ್ಟ್ ಸೆಮ್ ಸಿಲೆಬಸ್ ಈಗಲೇ ಮುಗಿಸಿಬಿಡು" ಎನ್ನುವ ಅಣ್ಣಂದಿರು, ಮಾವಂದಿರು ಪ್ರತಿ ಮದುವೆ ಮನೆಯಲ್ಲೂ ಸಿಗುತ್ತಾರೆ. ಅವರ ಮಾತು ಕೇಳಬೇಡಿ.

ಸಿಲೆಬಸ್ಸನ್ನು ಕಾಲೇಜಿನಲ್ಲಿ ಹೇಗೂ ಕಲಿಸುತ್ತಾರೆ. ನಿಜವಾದ ತೊಂದರೆ ಬೇರೆ ಕಡೆ ಇದೆ. ಸಿಇಟಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಸೇರಿ 180 ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ಅದಕ್ಕಾಗಿ ಎರಡು ವರ್ಷ ತಯಾರಾದವರಿಗೆ ಉತ್ತರ ಆರಿಸುವುದು ಚೆನ್ನಾಗಿ ಬರುತ್ತದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೆಮಿಸ್ಟರಿನಲ್ಲಿ ಮ್ಯಾತ್ಸ್, ಫಿಸಿಕ್ಸ್‌ನಂಥ ಮುಖ್ಯ ವಿಷಯಗಳ ಪರೀಕ್ಷೆಯಲ್ಲಿ ಆಯ್ಕೆಗಳೇ ಇರುವುದಿಲ್ಲ. ಮೂರು ಗಂಟೆ, ಐದು ಮಾಡ್ಯೂಲ್, ಒಂದೊಂದಕ್ಕೆ 20 ಅಂಕ. ಬಿಳಿ ಹಾಳೆಯ ಮೇಲೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನೀವೇ ಬರೆಯಬೇಕು. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದವರೂ ಮೊದಲ ಇಂಟರ್ನಲ್ಸ್‌ನಲ್ಲಿ (ಕಾಲೇಜಿನೊಳಗಿನ ಪರೀಕ್ಷೆಯಲ್ಲಿ) ಮುಗ್ಗರಿಸುವುದು ಇದೇ ಕಾರಣಕ್ಕೆ. ಹಾಗಾಗಿ ಈ ರಜೆಯಲ್ಲಿ ಮಾಡಬೇಕಾದ ಕೆಲಸ, ಉತ್ತರ ಆರಿಸುವ ಕೈಯನ್ನು ಬರೆಯುವ, ಬಿಡಿಸುವ, ಅಳೆಯುವ ಕೈಯಾಗಿ ತಿದ್ದುವುದು. ಕೆಳಗಿರುವ ಎಲ್ಲ ಹೆಜ್ಜೆಗಳೂ ಅದಕ್ಕೇ.

ಶುರು ಯಾವಾಗ?

ಏಪ್ರಿಲ್‌ನಲ್ಲೇ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದರೆ ಅದು ಗೋಡೆಯಲ್ಲೇ ಉಳಿಯುತ್ತದೆ. ಮದುವೆ, ಬ್ರಹ್ಮಕಲಶ, ನೇಮ, ರಾತ್ರಿಯಿಡೀ ಯಕ್ಷಗಾನ, ಜೊತೆಗೆ ಈ ಸೆಕೆ. ಸುಮ್ನೆ ತಿರುಗಾಡಿ, ನಿದ್ದೆ ಮಾಡಿ. ನನ್ನ ಪ್ರಕಾರ ಒಳ್ಳೆಯ ಗಡಿ ಪತ್ತನಾಜೆ. ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು. ಅಲ್ಲಿಗೆ ನೇಮಗಳು ನಿಲ್ಲುತ್ತವೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಸ್ವಲ್ಪ ದಿನದಲ್ಲೇ ಮಳೆಯೂ ಹಿಡಿಯುತ್ತದೆ. ಅಲ್ಲಿಂದ ಎಂಟು ವಾರ ಎಂದರೆ ಜುಲೈ ಮೂರನೇ ವಾರಕ್ಕೆ ಬರುತ್ತದೆ.

ದಿನಕ್ಕೆ ಮೂರು ಗಂಟೆ ಸಾಕು, ವಾರಕ್ಕೆ ಐದು ದಿನ. ಬೆಳಿಗ್ಗೆ ಒಂದೂವರೆ ಗಂಟೆ ಮ್ಯಾತ್ಸ್. ಸಂಜೆಯ ಒಂದೂವರೆ ಗಂಟೆಯಲ್ಲಿ ಪ್ರೋಗ್ರಾಮಿಂಗ್, ಡ್ರಾಯಿಂಗ್, ಅಳತೆಯ ಕೆಲಸಗಳು ಸರದಿಯಂತೆ. ಮಳೆಗಾಲದಲ್ಲಿ ಗಾಳಿಗೆ ಒಂದು ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ ಅಲ್ವಾ? ಅದಕ್ಕೇ ನೆಟ್ ಇರುವಾಗ ವಿಡಿಯೋ, ಹಳೆಯ ಪ್ರಶ್ನೆಪತ್ರಿಕೆ ಎಲ್ಲ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕಾಗದದ ಕೆಲಸವನ್ನು ಕರೆಂಟ್ ಹೋದ ದಿನಕ್ಕೆ ಇಟ್ಟುಕೊಳ್ಳಿ.

ಹೆಜ್ಜೆ 1: ಎಲ್ಲಿ ನಿಲ್ಲುತ್ತೀರಿ ಎಂದು ನೋಡಿ

ಮೊದಲ ದಿನ ಫೋನನ್ನು ಬೇರೆ ಕೋಣೆಯಲ್ಲಿಟ್ಟು 45 ನಿಮಿಷ ಕೂತು ಇವನ್ನು ಬರೆಯಿರಿ:

- ಸೈನ್ 2ಎ, ಕಾಸ್ 2ಎ ಸೂತ್ರಗಳು, ಎಲ್ಲ ರೂಪಗಳಲ್ಲಿ
- ಎಕ್ಸ್ ಸ್ಕ್ವೇರ್ ಇಂಟು ಸೈನ್ ಎಕ್ಸ್, ಇದರ ಡಿಫರೆನ್ಷಿಯೇಷನ್
- ಎಕ್ಸ್ ಇಂಟು ಇ ಪವರ್ ಎಕ್ಸ್, ಇದರ ಇಂಟಿಗ್ರೇಷನ್
- ಯಾವುದಾದರೂ ಒಂದು 3×3 ಡಿಟರ್ಮಿನೆಂಟ್
- 2+3ಐ ಅನ್ನು 1−ಐ ಇಂದ ಭಾಗಿಸುವುದು
- ಇಳಿಜಾರಿನ ಮೇಲೆ ನಿಂತ ಪೆಟ್ಟಿಗೆಯ ಫ್ರೀ ಬಾಡಿ ಡಯಾಗ್ರಾಮ್, ಘರ್ಷಣೆ ಸೇರಿಸಿ

ಅಂಕ ಹಾಕಿಕೊಳ್ಳಬೇಡಿ. ಪೆನ್ನು ಎಲ್ಲಿ ನಿಂತಿತೋ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆಯಿರಿ. ಆ ಗೆರೆಗಳೇ ನಿಮ್ಮ ಎಂಟು ವಾರದ ಸಿಲೆಬಸ್. ಪಕ್ಕದ ಮನೆಯವನ ಸಿಲೆಬಸ್ ನಿಮಗೆ ಬೇಡ.

ಹೆಜ್ಜೆ 2: ಮ್ಯಾತ್ಸ್, ಇದಕ್ಕೇ ಅರ್ಧ ಸಮಯ

ವಿಟಿಯುವಿನ 2022ರ ಸ್ಕೀಮ್‌ನಲ್ಲಿ (ಪಠ್ಯಕ್ರಮದಲ್ಲಿ) ಕಂಪ್ಯೂಟರ್ ಸೈನ್ಸ್ ಗುಂಪಿನ ಮೊದಲ ಸೆಮಿಸ್ಟರ್ ಮ್ಯಾತ್ಸ್ ಶುರುವಾಗುತ್ತಿದ್ದದ್ದೇ ಪೋಲಾರ್ ಕರ್ವ್‌ಗಳಿಂದ. ಆಮೇಲೆ ಸರಣಿ ವಿಸ್ತರಣೆ ಮತ್ತು ಪಾರ್ಷಿಯಲ್ ಡಿಫರೆನ್ಷಿಯೇಷನ್, ಮೊದಲ ದರ್ಜೆಯ ಡಿಫರೆನ್ಷಿಯಲ್ ಈಕ್ವೇಷನ್, ಮಾಡ್ಯುಲಾರ್ ಅರಿತ್‌ಮೆಟಿಕ್, ಲೀನಿಯರ್ ಆಲ್ಜೀಬ್ರಾ. ಸ್ಕೀಮ್ ಆಗಾಗ ಬದಲಾಗುತ್ತದೆ. ಎನ್‌ಐಟಿಕೆ, ಮಣಿಪಾಲ ಮತ್ತು ಸ್ವಾಯತ್ತ ಕಾಲೇಜುಗಳ ಸಿಲೆಬಸ್ ಅವರದ್ದೇ. ಸೀಟು ಸಿಕ್ಕಿದ ಮೇಲೆ ನಿಮ್ಮ ಬ್ಯಾಚಿನದ್ದನ್ನು ಕಾಲೇಜಿನ ಜಾಲತಾಣದಲ್ಲಿ ನೋಡಿಕೊಳ್ಳಿ. ಆದರೆ ಎಲ್ಲಿಗೆ ಹೋದರೂ ಕ್ಯಾಲ್ಕುಲಸ್ ಮತ್ತು ಮ್ಯಾಟ್ರಿಕ್ಸ್ ತಪ್ಪುವುದಿಲ್ಲ.

ಎಡವುವುದು ಎಲ್ಲಿ ಎಂದು ಒಂದು ಲೆಕ್ಕದಲ್ಲೇ ತೋರಿಸುತ್ತೇನೆ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಆರ್ = ಎ(1 + ಕಾಸ್ ಥೀಟಾ) ಮತ್ತು ಆರ್ = ಬಿ(1 − ಕಾಸ್ ಥೀಟಾ), ಈ ಎರಡು ವಕ್ರರೇಖೆಗಳು ಪರಸ್ಪರ ಲಂಬವಾಗಿ ಕತ್ತರಿಸುತ್ತವೆ ಎಂದು ಸಾಧಿಸಿ." ತ್ರಿಜ್ಯರೇಖೆಗೂ ಸ್ಪರ್ಶಕಕ್ಕೂ ನಡುವಿನ ಕೋನ ಫೈ. ಟ್ಯಾನ್ ಫೈ ಎಂದರೆ ಆರ್ ಅನ್ನು ಡಿಆರ್ ಬೈ ಡಿಥೀಟಾದಿಂದ ಭಾಗಿಸುವುದು. ಮೊದಲ ರೇಖೆಗೆ ಡಿಫರೆನ್ಷಿಯೇಟ್ ಮಾಡಿದರೆ −ಎ ಸೈನ್ ಥೀಟಾ ಬರುತ್ತದೆ. ಹೊಸ ಪಾಠ ಅಷ್ಟೇ, ಒಂದೇ ಸಾಲು. ಈಗ ಕೈಯಲ್ಲಿ −(1 + ಕಾಸ್ ಥೀಟಾ) ಬೈ ಸೈನ್ ಥೀಟಾ ಇದೆ. ಹೆಚ್ಚಿನವರು ನಿಲ್ಲುವುದು ಇಲ್ಲೇ. 1 + ಕಾಸ್ ಥೀಟಾ ಎಂದರೆ 2 ಕಾಸ್ ಸ್ಕ್ವೇರ್ ಅರ್ಧ ಥೀಟಾ, ಸೈನ್ ಥೀಟಾ ಎಂದರೆ 2 ಸೈನ್ ಅರ್ಧ ಥೀಟಾ ಇಂಟು ಕಾಸ್ ಅರ್ಧ ಥೀಟಾ ಎಂದು ಥಟ್ಟನೆ ಹೊಳೆಯಬೇಕು. ಹೊಳೆದರೆ −ಕಾಟ್ ಅರ್ಧ ಥೀಟಾ ಸಿಗುತ್ತದೆ. ಅದು ಟ್ಯಾನ್ (90 ಡಿಗ್ರಿ + ಅರ್ಧ ಥೀಟಾ). ಎರಡನೇ ರೇಖೆಗೆ ಹೀಗೇ ಮಾಡಿದರೆ ಕೋನ ಬರೇ ಅರ್ಧ ಥೀಟಾ. ಎರಡರ ವ್ಯತ್ಯಾಸ 90 ಡಿಗ್ರಿ, ಲೆಕ್ಕ ಮುಗಿಯಿತು.

ನೋಡಿ, ಕೈಕೊಟ್ಟದ್ದು ಪ್ರಥಮ ಪಿಯುಸಿಯ ಟ್ರಿಗೊನಾಮೆಟ್ರಿ. ಇಂಜಿನಿಯರಿಂಗ್ ಮ್ಯಾತ್ಸ್‌ನ ಕಷ್ಟದಲ್ಲಿ ಹೆಚ್ಚಿನ ಪಾಲು ಹೀಗೇ ಹಳೆಯ ಸಾಲ. ಹಾಗಾಗಿ ಮೊದಲ ಎರಡು ವಾರ ಟ್ರಿಗೊನಾಮೆಟ್ರಿ ಮತ್ತು ಆಲ್ಜೀಬ್ರಾ ಮಾತ್ರ. ಮೂರು, ನಾಲ್ಕನೇ ವಾರ ಡಿಫರೆನ್ಷಿಯೇಷನ್. ಐದು, ಆರನೇ ವಾರ ಇಂಟಿಗ್ರೇಷನ್, ಜೊತೆಗೆ ವೇರಿಯಬಲ್ ಬೇರ್ಪಡಿಸಿ ಬಿಡಿಸುವ ಡಿಫರೆನ್ಷಿಯಲ್ ಈಕ್ವೇಷನ್. ಏಳನೇ ವಾರ ಮ್ಯಾಟ್ರಿಕ್ಸ್, ಗಾಸ್ ಎಲಿಮಿನೇಷನ್‌ವರೆಗೆ. ಎಂಟನೇ ವಾರ ಹಳೆಯ ಪ್ರಶ್ನೆಪತ್ರಿಕೆಯಿಂದ ನಿಮಗೆ ಗೊತ್ತಿರುವ ಭಾಗವನ್ನಷ್ಟೇ ಆರಿಸಿ, ಮೂರು ಗಂಟೆ ಎದ್ದೇಳದೆ ಬರೆಯಿರಿ. ಬೆನ್ನು, ಬೆರಳು ಎರಡೂ ನೋಯುತ್ತವೆ. ಸೆಮಿಸ್ಟರ್ ಪರೀಕ್ಷೆಯಲ್ಲಿ ನೋಯುವ ಬದಲು ಈಗಲೇ ನೋಯಲಿ.

ಮಾಡುವ ಕ್ರಮ ಹೀಗಿರಲಿ. ದಿನಕ್ಕೆ ನಾಲ್ಕು ಲೆಕ್ಕ ಸಾಕು, ಒಂದು ಪುಟಕ್ಕೆ ಒಂದು. ಪುಟದ ಬಲಗಡೆ ಗೆರೆ ಎಳೆದು, ಪ್ರತಿ ಸಾಲಿನ ಎದುರು ಅದು ಯಾಕೆ ಬಂತು ಎಂದು ಎರಡೇ ಪದದಲ್ಲಿ ಬರೆಯಿರಿ. ಮರುದಿನ ಅದೇ ನಾಲ್ಕನ್ನು ನೋಡದೆ ಬಿಡಿಸಿ, ಆಮೇಲೆ ಹೊಸದಕ್ಕೆ ಹೋಗಿ. ವಿಡಿಯೋ ನೋಡಿ "ಅರ್ಥ ಆಯ್ತು" ಎನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅರ್ಥವಾದದ್ದು ವಿಡಿಯೋ ಮಾಡಿದವರಿಗೆ. ಪಾಠ ಬೇಕೇ ಬೇಕು ಎಂದಾಗ ಖಾನ್ ಅಕಾಡೆಮಿ, ಐಐಟಿ ಮೇಷ್ಟ್ರುಗಳ ಎನ್‌ಪಿಟಿಇಎಲ್, ಈ ಎರಡು ಜಾಲತಾಣಗಳ ಪಾಠಗಳೂ ಉಚಿತ. ಮೊದಲನೆಯದು ಪಿಯುಸಿ ಮಟ್ಟದ ತೂತು ಮುಚ್ಚಲು, ಎರಡನೆಯದು ಮುಂದಿನದಕ್ಕೆ.

ಹೆಜ್ಜೆ 3: ಇಂಟಿಗ್ರೇಷನ್ ಯಾಕೆ ಬೇಕು ಎಂದು ತುಂಬೆಯಲ್ಲಿ ನೋಡಿ

ಮೇ ತಿಂಗಳಿನಲ್ಲಿ ಮಂಗಳೂರಿನವರು ತುಂಬೆ ಡ್ಯಾಮಿನಲ್ಲಿ ಎಷ್ಟು ನೀರಿದೆ ಎಂದು ಪೇಪರಿನಲ್ಲಿ ನೋಡುತ್ತಾರೆ, ಉಡುಪಿಯವರು ಸ್ವರ್ಣಾ ನದಿಯ ಬಜೆಯದ್ದನ್ನು. ಆ ಸಂಖ್ಯೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ತುಂಬೆಯ ಗೇಟಿನ ಹಿಂದೆ 6 ಮೀಟರ್ ನೀರು ನಿಂತಿದೆ ಎಂದಿಟ್ಟುಕೊಳ್ಳಿ. ಒಂದು ಮೀಟರ್ ಅಗಲದ ಗೇಟಿನ ಮೇಲೆ ನೀರು ಎಷ್ಟು ಬಲ ಹಾಕುತ್ತದೆ? ಮೇಲ್ಮೈಯಲ್ಲಿ ನೀರಿನ ಒತ್ತಡ ಸೊನ್ನೆ, ತಳದಲ್ಲಿ ಸುಮಾರು 59 ಕಿಲೋ ಪಾಸ್ಕಲ್. ಎಲ್ಲ ಕಡೆ ಒಂದೇ ಒತ್ತಡ ಇದ್ದಿದ್ದರೆ ಗುಣಾಕಾರ ಸಾಕಿತ್ತು. ಇಲ್ಲಿ ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುತ್ತದೆ. ಹಾಗಾಗಿ ಗೇಟನ್ನು ಅಡ್ಡಡ್ಡ ತೆಳು ಪಟ್ಟಿಗಳಾಗಿ ಕತ್ತರಿಸಿ, ಒಂದೊಂದು ಪಟ್ಟಿಯ ಬಲ ಬರೆದು, ಸೊನ್ನೆಯಿಂದ 6ರವರೆಗೆ ಕೂಡಿಸಬೇಕು. ಆ ಕೂಡಿಸುವ ಕೆಲಸವೇ ಇಂಟಿಗ್ರೇಷನ್. ಉತ್ತರ ಸುಮಾರು 176 ಕಿಲೋ ನ್ಯೂಟನ್, ಅಂದರೆ 18 ಟನ್ ತೂಕದಷ್ಟು, ಬರೇ ಒಂದು ಮೀಟರ್ ಅಗಲಕ್ಕೆ. ಈಗ 3 ಮೀಟರ್ ನೀರಿಗೆ ಮಾಡಿ ನೋಡಿ. ಅರ್ಧ ಅಲ್ಲ, ಕಾಲು ಭಾಗ ಬರುತ್ತದೆ.

ಇಂಥ ಒಂದು ಪ್ರಶ್ನೆಯನ್ನು ವಾರಕ್ಕೊಮ್ಮೆ ಊರಿನಿಂದಲೇ ಹುಡುಕಿ. ಸುರತ್ಕಲ್‌ನಲ್ಲಿ ಕೊಂಕಣ ರೈಲ್ವೆಯವರು ತುಂಬಿದ ಲಾರಿಗಳನ್ನೇ ರೈಲಿಗೆ ಹತ್ತಿಸಿ ಮಹಾರಾಷ್ಟ್ರದ ಕೋಲಾಡ್‌ಗೆ ಕಳಿಸುತ್ತಾರಲ್ಲ, ಆ ಲಾರಿಗಳ ಎತ್ತರಕ್ಕೆ ಯಾಕೆ ಮಿತಿ? ಪ್ರಶ್ನೆ ಚಿಕ್ಕದಿರಲಿ. ಚಿತ್ರ ಬಿಡಿಸಿ, ಊಹೆಗಳನ್ನು ಬರೆದು, ಒಂದು ಪುಟದಲ್ಲಿ ಮುಗಿಸಿ.

ಹೆಜ್ಜೆ 4: ಸಿ ಪ್ರೋಗ್ರಾಮಿಂಗ್

ಬ್ರಾಂಚ್ ಯಾವುದಾದರೂ ಇರಲಿ, ಪ್ರೋಗ್ರಾಮಿಂಗ್ ಒಂದಲ್ಲ ಒಂದು ಸೆಮಿಸ್ಟರ್‌ನಲ್ಲಿ ಎದುರಾಗುತ್ತದೆ. ಸಿ ಇಂದ ಶುರು ಮಾಡಿ. ಪೈಥಾನ್ ಸುಲಭ, ನಿಜ. ಆದರೆ ಸಿ ಕಲಿತವರಿಗೆ ಪೈಥಾನ್ ಬೇಗ ಹತ್ತುತ್ತದೆ, ಪೈಥಾನ್‌ನಿಂದ ಸಿಗೆ ಬರುವವರು ಜಾಸ್ತಿ ಒದ್ದಾಡುತ್ತಾರೆ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಲ್ಯಾಪ್‌ಟಾಪ್ ಇಲ್ಲದಿದ್ದರೂ ನಡೆಯುತ್ತದೆ. ಫೋನಿನ ಬ್ರೌಸರಿನಲ್ಲೇ ಆನ್‌ಲೈನ್ ಕಂಪೈಲರ್ ಸಿಗುತ್ತದೆ. ಕೋಡನ್ನು ಮೊದಲು ಕಾಗದದ ಮೇಲೆ ಬರೆದು, ಆಮೇಲೆ ಟೈಪ್ ಮಾಡಿ. ಇಂಟರ್ನಲ್ಸ್‌ನಲ್ಲಿ ಬರೆಯಬೇಕಾದದ್ದೂ ಕಾಗದದ ಮೇಲೆಯೇ.

ಮೊದಲ ವಾರದ ಒಂದು ಅಭ್ಯಾಸ: ಫ್ಯಾರನ್‌ಹೀಟ್ ಕೊಟ್ಟರೆ ಸೆಲ್ಸಿಯಸ್ ಹೇಳುವ ಪ್ರೋಗ್ರಾಂ. ಸೂತ್ರವನ್ನು ಹಾಗೇ 5/9*(ಎಫ್−32) ಎಂದು ಬರೆಯಿರಿ. ಮಂಗಳೂರಿನ ಏಪ್ರಿಲ್ ಮಧ್ಯಾಹ್ನಕ್ಕೆ 95 ಎಂದು ಕೊಡಿ. ಉತ್ತರ 0 ಬರುತ್ತದೆ. ಎಷ್ಟೇ ಕೊಟ್ಟರೂ 0! ಮಂಗಳೂರಿನ ಸೆಕೆಯಲ್ಲಿ ಕೂತು ಸೊನ್ನೆ ಡಿಗ್ರಿ ನೋಡುವುದು ಮಜಾ ಇರುತ್ತದೆ ಮಾರಾಯ್ರೇ. ಕಾರಣ ಇಷ್ಟೇ: 5 ಮತ್ತು 9 ಎರಡೂ ಪೂರ್ಣಾಂಕ, ಹಾಗಾಗಿ ಸಿ ಭಾಷೆ ಭಾಗಲಬ್ಧದ ದಶಾಂಶ ಭಾಗವನ್ನು ಎಸೆದುಬಿಡುತ್ತದೆ. 5.0/9 ಎಂದು ಬರೆದರೆ 35 ಸರಿಯಾಗಿ ಬರುತ್ತದೆ. ಇನ್ನೊಂದು ಮಾಮೂಲಿ ತಪ್ಪು, ಇನ್‌ಪುಟ್ ಓದುವ ಸ್ಕ್ಯಾನ್‌ಎಫ್‌ನಲ್ಲಿ ವೇರಿಯಬಲ್ ಹೆಸರಿಗೆ ಮೊದಲು & ಹಾಕಲು ಮರೆಯುವುದು. ಕಂಪೈಲರ್ ಬರೇ ಎಚ್ಚರಿಕೆ ಕೊಟ್ಟು ಬಿಟ್ಟುಬಿಡಬಹುದು, ಓಡಿಸಿದಾಗ ಪ್ರೋಗ್ರಾಂ ಬಿದ್ದುಹೋಗಬಹುದು. ಇಂಥ ತಪ್ಪುಗಳನ್ನು ಬೇಕೆಂದೇ ಮಾಡಿ, ಏನು ಸಂದೇಶ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಲ್ಯಾಬ್ ಪರೀಕ್ಷೆಯ ದಿನ ಆ ಪಟ್ಟಿ ಬೇರೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಂಟು ವಾರದಲ್ಲಿ ಇಫ್, ಲೂಪ್, ಫಂಕ್ಷನ್, ಅರೇ ತನಕ ಬಂದರೆ ಧಾರಾಳ. ಪಾಯಿಂಟರ್ ಕಾಲೇಜಿಗೆ ಇರಲಿ.

ಹೆಜ್ಜೆ 5: ಡ್ರಾಯಿಂಗ್, ಚೆನ್ನೆಮಣೆಯಿಂದ

ಇಂಜಿನಿಯರಿಂಗ್ ಡ್ರಾಯಿಂಗ್ ಈಗ ಹೆಚ್ಚಿನ ಕಡೆ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಆದರೂ ಸ್ಕೆಚ್ ಕೈಯಲ್ಲಿ ಬಾರದಿದ್ದರೆ ಸಾಫ್ಟ್‌ವೇರ್ ಏನೂ ಮಾಡುವುದಿಲ್ಲ. ಮನೆಯ ಅಟ್ಟದಲ್ಲಿ ಚೆನ್ನೆಮಣೆ ಇದ್ದರೆ ಕೆಳಗಿಳಿಸಿ. ಆಟಿ ತಿಂಗಳಿಗೆ ಹೇಗೂ ಇಳಿಸುತ್ತೀರಿ.

ಮೇಲಿನಿಂದ ನೋಡಿದರೆ ಏಳೇಳರ ಎರಡು ಸಾಲು, 14 ಗುಳಿ, ಎಲ್ಲವೂ ವೃತ್ತ. ಅದು ಟಾಪ್ ವ್ಯೂ. ಈಗ ಮಣೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎದುರಿನಿಂದ ನೋಡಿ. ಗುಳಿ ಒಂದೂ ಕಾಣುವುದಿಲ್ಲ, ಬರೇ ಮರದ ಅಂಚು. ಕಾಣದಿದ್ದರೂ ಒಳಗೆ ಇವೆ ಅಲ್ವಾ? ಅವನ್ನು ತುಂಡು ಗೆರೆಯಲ್ಲಿ ತೋರಿಸಬೇಕು. ಹಿಂದಿನ ಸಾಲಿನ ಗುಳಿಗಳು ಮುಂದಿನ ಸಾಲಿನ ಹಿಂದೆ ಸರಿಯಾಗಿ ಅಡಗಿರುವುದರಿಂದ ಎದುರು ನೋಟದಲ್ಲಿ ಏಳೇ ಬರುತ್ತವೆ, 14 ಅಲ್ಲ. ಪಕ್ಕದ ನೋಟದಲ್ಲಿ ಎರಡೇ. ಇಷ್ಟನ್ನು ಅಳತೆಗೆ ಸರಿಯಾಗಿ ಒಂದು ಹಾಳೆಯಲ್ಲಿ ಬಿಡಿಸಿದರೆ ಪ್ರೊಜೆಕ್ಷನ್‌ನ ಮುಖ್ಯ ವಿಷಯ ತಲೆಗೆ ಹೋದ ಹಾಗೆ. ನಮ್ಮಲ್ಲಿ ಬಳಸುವುದು ಫಸ್ಟ್ ಆಂಗಲ್ ಪ್ರೊಜೆಕ್ಷನ್, ಅದರಲ್ಲಿ ಟಾಪ್ ವ್ಯೂ ಫ್ರಂಟ್ ವ್ಯೂನ ಕೆಳಗೆ ಬರುತ್ತದೆ. ಮೇಲೆ ಹಾಕಿ ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷವೂ ಇರುತ್ತಾರೆ.

ಆಮೇಲೆ ಹಲಸಿನ ಹಪ್ಪಳ ಒತ್ತುವ ಮಣೆ, ಸೇರು, ಕೊಡೆಯ ಹಿಡಿ, ಏನು ಬೇಕಾದರೂ ತೆಗೆದುಕೊಳ್ಳಿ. ವಾರಕ್ಕೆ ಎರಡು ಸಾಕು.

ಹೆಜ್ಜೆ 6: ಜಗಲಿಯಲ್ಲಿ ಒಂದು ಪ್ರಯೋಗ

ಜಗಲಿಯ ಪಕ್ಕಾಸಿಗೆ ಗಟ್ಟಿ ದಾರ ಕಟ್ಟಿ ಕೆಳಗೆ ಒಂದು ಚಿಕ್ಕ ಭಾರ ತೂಗುಬಿಡಿ. ಕಟ್ಟಿದ ಜಾಗದಿಂದ ಭಾರದ ಮಧ್ಯದವರೆಗೆ ಸರಿಯಾಗಿ ಒಂದು ಮೀಟರ್ ಇರಲಿ. ಸ್ವಲ್ಪವೇ ಎಳೆದು ಬಿಟ್ಟು, 20 ಸಲ ಹೋಗಿ ಬರಲು ಎಷ್ಟು ಸಮಯ ಎಂದು ಫೋನಿನಲ್ಲಿ ಅಳೆಯಿರಿ. ಸುಮಾರು 40 ಸೆಕೆಂಡ್ ಬರಬೇಕು. ಅದರಿಂದ ಗುರುತ್ವ ವೇಗೋತ್ಕರ್ಷ ಲೆಕ್ಕ ಹಾಕಿ. ನಮ್ಮ ಅಕ್ಷಾಂಶದಲ್ಲಿ ಅದು 9.78ರ ಹತ್ತಿರ.

ಇದು ಹೈಸ್ಕೂಲಿನ ಪ್ರಯೋಗ ಎಂದು ತಳ್ಳಿಹಾಕಬೇಡಿ. ಇಲ್ಲಿ ಕಲಿಯಬೇಕಾದದ್ದು ತಪ್ಪಿನ ಲೆಕ್ಕ. ಬೆರಳು ಒತ್ತುವುದರಲ್ಲಿ 0.2 ಸೆಕೆಂಡ್ ಆಚೀಚೆ ಆಗುತ್ತದೆ ಎನ್ನೋಣ. ಒಂದೇ ಸಲದ ತೂಗಾಟ ಅಳೆದರೆ 2 ಸೆಕೆಂಡಿನಲ್ಲಿ 0.2, ಅಂದರೆ 10 ಶೇಕಡಾ ತಪ್ಪು. 20 ಸಲ ಅಳೆದರೆ 0.5 ಶೇಕಡಾ. ಸೂತ್ರದಲ್ಲಿ ಸಮಯದ ವರ್ಗ ಇರುವುದರಿಂದ ಉತ್ತರದಲ್ಲಿ ಅದು 1 ಶೇಕಡಾ ಆಗುತ್ತದೆ. ಹಾಗಾದರೆ 9.7834 ಎಂದು ಬರೆಯಲು ನಿಮಗೆ ಹಕ್ಕಿದೆಯೇ? ಇಲ್ಲ. 9.8, ಆಚೀಚೆ 0.1. ಲ್ಯಾಬ್ ವೈವಾದಲ್ಲಿ ಕೇಳುವುದು ಇಂಥದ್ದನ್ನೇ.

ಹೆಚ್ಚು ಬೇಕಾದವರು ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ನೋಡಬಹುದು. ಅದನ್ನು ನಡೆಸುವ ಸಂಸ್ಥೆಗಳಲ್ಲಿ ಸುರತ್ಕಲ್ಲಿನ ಎನ್‌ಐಟಿಕೆಯೂ ಒಂದು. ಮಳೆ ಬಿಟ್ಟ ದಿನ ಪಿಲಿಕುಳದ ವಿಜ್ಞಾನ ಕೇಂದ್ರಕ್ಕೆ ಹೋಗಿ ಬನ್ನಿ, ಆದರೆ ತಾರಾಲಯದ ಶೋ ನೋಡಿ ಬಂದು ಅದನ್ನು ಅಭ್ಯಾಸದ ಗಂಟೆಗೆ ಸೇರಿಸಬೇಡಿ.

ಹೆಜ್ಜೆ 7: ಇಂಗ್ಲಿಷ್

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಮನೆಯಲ್ಲಿ ತುಳು ಅಥವಾ ಬ್ಯಾರಿ ಅಥವಾ ಕೊಂಕಣಿ. ಪಿಯುಸಿಯನ್ನು ಇಂಗ್ಲಿಷಿನಲ್ಲಿ ಮಾಡಿದರೂ ತರಗತಿಯಲ್ಲಿ ಮೇಷ್ಟ್ರು ಕನ್ನಡ ಬೆರೆಸಿ ಹೇಳುತ್ತಿದ್ದರು. ಕಾಲೇಜಿನಲ್ಲಿ ಆ ಬೆರಕೆ ಕಡಿಮೆ. ವ್ಯಾಕರಣ ಪುಸ್ತಕ ಹಿಡಿದು ಕೂರುವುದರಿಂದ ಇದಕ್ಕೆ ಪರಿಹಾರ ಸಿಗುವುದಿಲ್ಲ. ಎರಡು ಕೆಲಸ ಮಾಡಿ. ಎನ್‌ಪಿಟಿಇಎಲ್ ಪಾಠವನ್ನು ಹತ್ತು ನಿಮಿಷ ಕೇಳಿ, ನಿಲ್ಲಿಸಿ, ಕೇಳಿದ್ದನ್ನು ನಿಮ್ಮದೇ ಇಂಗ್ಲಿಷಿನಲ್ಲಿ ಐದು ಸಾಲು ಬರೆಯಿರಿ. ಇನ್ನೊಂದು, ಜಗಲಿಯ ಪ್ರಯೋಗವನ್ನು ಎರಡು ನಿಮಿಷ ಇಂಗ್ಲಿಷಿನಲ್ಲಿ ವಿವರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಮೊದಲ ಸಲ ಕೇಳುವಾಗ ನಾಚಿಕೆಯಾಗುತ್ತದೆ. ನಾಲ್ಕನೇ ಸಲಕ್ಕೆ ಸರಿಯಾಗುತ್ತದೆ.

ಹಾಸ್ಟೆಲಿನಲ್ಲಿ ಹೊರ ರಾಜ್ಯದ ಹುಡುಗರು ಸಿಕ್ಕರೆ ಒಳ್ಳೆಯದೇ. ವಿಟಿಯುವಿನಲ್ಲಿ ಅವರಿಗೆ ಬಳಕೆ ಕನ್ನಡದ ಪೇಪರ್ ಇರುತ್ತದೆ, ನಿಮಗೆ ಸಾಂಸ್ಕೃತಿಕ ಕನ್ನಡ. ನೀವು ಅವರಿಗೆ ಕನ್ನಡ ಹೇಳಿಕೊಡಿ, ಅವರೊಡನೆ ಇಂಗ್ಲಿಷಿನಲ್ಲಿ ಜಗಳವಾಡಿ.

ದುಡ್ಡು ಕೊಟ್ಟು ಸೇರುವ ಕೋರ್ಸುಗಳು

"30 ದಿನದಲ್ಲಿ ಎಐ ಎಕ್ಸ್‌ಪರ್ಟ್" ಎಂಬ ಜಾಹೀರಾತು ಈ ಸಮಯದಲ್ಲೇ ಜಾಸ್ತಿ. ಮ್ಯಾಟ್ರಿಕ್ಸ್ ಗುಣಾಕಾರ ಕೈಯಲ್ಲಿ ಬಾರದವರಿಗೆ ಅದರಿಂದ ಸಿಗುವುದು ಒಂದು ಸರ್ಟಿಫಿಕೇಟ್ ಮಾತ್ರ. ಬ್ರಿಡ್ಜ್ ಕೋರ್ಸ್ ಸೇರಲೇಬೇಕು ಎಂದಿದ್ದರೆ ಮೂರು ಪ್ರಶ್ನೆ ಕೇಳಿ: ಒಂದು ತಂಡದಲ್ಲಿ ಎಷ್ಟು ಮಂದಿ, ನಾನು ಬರೆದ ಉತ್ತರವನ್ನು ಯಾರು ತಿದ್ದುತ್ತಾರೆ, ಮಧ್ಯದಲ್ಲಿ ಬಿಟ್ಟರೆ ದುಡ್ಡು ವಾಪಸ್ ಇದೆಯೇ. ಎರಡನೇ ಪ್ರಶ್ನೆಗೆ ನೇರ ಉತ್ತರ ಬಾರದಿದ್ದರೆ ಬಸ್ಸು ಹತ್ತಿ ಮನೆಗೆ ಬನ್ನಿ. ನಾಲ್ಕು ಮಂದಿ ಗೆಳೆಯರು ಸೇರಿ ಒಬ್ಬರ ಪುಸ್ತಕ ಇನ್ನೊಬ್ಬರು ತಿದ್ದಿದರೆ ಅದೇ ಕೆಲಸ ಚಹಾದ ಖರ್ಚಿನಲ್ಲಿ ಆಗುತ್ತದೆ.

ಲ್ಯಾಪ್‌ಟಾಪ್, ಕಾಗದಪತ್ರ

ಲ್ಯಾಪ್‌ಟಾಪ್ ಈಗ ತೆಗೆದುಕೊಳ್ಳಬೇಡಿ. ಬ್ರಾಂಚ್ ಗೊತ್ತಾದ ಮೇಲೆ ಸೀನಿಯರ್‌ಗಳನ್ನು ಕೇಳಿ. ಡ್ರಾಯಿಂಗ್‌ಗೆ ಹಲವು ವಿಟಿಯು ಕಾಲೇಜುಗಳಲ್ಲಿ ಬಳಸುವ ಸಾಲಿಡ್ ಎಡ್ಜ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಮ್ಯಾಕ್‌ಬುಕ್ ಆಸೆ ಇದ್ದವರು ಇದನ್ನು ನೆನಪಿಡಿ. ವಿದ್ಯಾರ್ಥಿಗಳಿಗೆ ಅದು ಉಚಿತ. ಜಾತಿ, ಆದಾಯ ಪ್ರಮಾಣಪತ್ರಗಳ ಅವಧಿ ಮುಗಿದಿದ್ದರೆ ನಾಡಕಚೇರಿಗೆ ಈಗಲೇ ಅರ್ಜಿ ಹಾಕಿ. ಕೌನ್ಸೆಲಿಂಗ್ ಸಮಯದಲ್ಲಿ ಎಲ್ಲರೂ ಅಲ್ಲೇ ಇರುತ್ತಾರೆ.

ಡಿಪ್ಲೊಮಾ ಮುಗಿಸಿ ಬರುವವರಿಗೆ

ಕದ್ರಿಯ ಕೆಪಿಟಿ ಅಥವಾ ಬೇರೆ ಪಾಲಿಟೆಕ್ನಿಕ್‌ನಿಂದ ಲ್ಯಾಟರಲ್ ಎಂಟ್ರಿಯಲ್ಲಿ ಬರುವವರು ನೇರ ಮೂರನೇ ಸೆಮಿಸ್ಟರ್‌ಗೆ ಸೇರುತ್ತಾರೆ. ನಿಮಗೆ ಡ್ರಾಯಿಂಗ್, ವರ್ಕ್‌ಶಾಪ್, ಅಳತೆ ಇವೆಲ್ಲ ಪಿಯುಸಿಯವರಿಗಿಂತ ಚೆನ್ನಾಗಿ ಗೊತ್ತು. ಹೆಜ್ಜೆ 5, 6 ಬಿಟ್ಟುಬಿಡಿ. ಆ ಸಮಯವನ್ನೂ ಮ್ಯಾತ್ಸ್‌ಗೆ ಹಾಕಿ, ಅದರಲ್ಲೂ ಇಂಟಿಗ್ರೇಷನ್ ಬೈ ಪಾರ್ಟ್ಸ್‌ಗೆ. ಮುಂದೆ ಮ್ಯಾತ್ಸ್‌ನಲ್ಲಿ ಬರುವ ಲ್ಯಾಪ್ಲಾಸ್, ಫೋರಿಯರ್ ಎರಡರಲ್ಲೂ ಅದು ಹೆಜ್ಜೆ ಹೆಜ್ಜೆಗೆ ಬೇಕು.

ಸೀಟು ಸಿಕ್ಕಿದ ಮೇಲೆ

ಮೊದಲ ಸೆಮಿಸ್ಟರಿನಲ್ಲಿ ನಿಮಗೆ ಫಿಸಿಕ್ಸ್ ಸೈಕಲ್ಲೋ ಕೆಮಿಸ್ಟ್ರಿ ಸೈಕಲ್ಲೋ ಎಂದು ಕೇಳಿಕೊಳ್ಳಿ (ಮೊದಲ ವರ್ಷದ ವಿಷಯಗಳನ್ನು ಎರಡು ಗುಂಪು ಮಾಡಿ, ಸೆಮಿಸ್ಟರಿಗೊಂದರಂತೆ ಕಲಿಸುತ್ತಾರೆ). ಪ್ರೋಗ್ರಾಮಿಂಗ್ ಅಥವಾ ಡ್ರಾಯಿಂಗ್ ಎರಡನೇ ಸೆಮಿಸ್ಟರ್‌ಗೆ ಹೋಗಿದ್ದರೆ ಉಳಿದ ವಾರಗಳಲ್ಲಿ ಅದನ್ನು ಕಡಿಮೆ ಮಾಡಿ. ತರಗತಿಗೆ ಮುಂಚೆ, ತಾಂತ್ರಿಕ ಶಿಕ್ಷಣದ ಕೇಂದ್ರ ಸಂಸ್ಥೆಯಾದ ಎಐಸಿಟಿಇ ಹೇಳಿದ ಇಂಡಕ್ಷನ್ ಪ್ರೋಗ್ರಾಂ ಇರುತ್ತದೆ. ಅದರ ಯೋಜನೆ ಮೂರು ವಾರದ್ದು, ಹಲವು ಕಡೆ ಚಿಕ್ಕದು ಮಾಡುತ್ತಾರೆ. ಅಲ್ಲಿ ಪರೀಕ್ಷೆ ಇಲ್ಲ ಎಂದು ಮನೆಯಲ್ಲಿ ಕೂರಬೇಡಿ. ಲ್ಯಾಬ್‌ಗಳು ಎಲ್ಲಿವೆ, ಲೈಬ್ರರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಯಾವ ಸೀನಿಯರ್ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡಿದ್ದಾರೆ ಎಂದು ಗೊತ್ತಾಗುವುದು ಆ ದಿನಗಳಲ್ಲೇ. ಉಡುಪಿಯಿಂದ ಸುರತ್ಕಲ್ಲಿಗೋ ಮಂಗಳೂರಿಗೋ ದಿನಾ ಬಸ್ಸಿನಲ್ಲಿ ಓಡಾಡುವ ಆಲೋಚನೆ ಇದ್ದವರು ಆ ವಾರಗಳಲ್ಲಿ ಹೋಗಿ ಬಂದು ನೋಡಿ. ಸಂಜೆ ಮನೆಗೆ ಬಂದ ಮೇಲೆ ನಾಲ್ಕು ಲೆಕ್ಕ ಮಾಡುವಷ್ಟು ತ್ರಾಣ ಉಳಿಯದಿದ್ದರೆ ಹಾಸ್ಟೆಲ್ ಅರ್ಜಿಯನ್ನು ಸೀಟು ತುಂಬುವ ಮುಂಚೆಯೇ ಕೊಟ್ಟುಬಿಡಿ.